ಗೆರೆ ಎಲ್ಲಿ ನಿಲ್ಲುತ್ತದೆ? ಟೊಮೆಟೊ ಕ್ರೇಟು, ಬೀಳು ಹೊಲ, ಕೆರೆಯಂಗಳದಲ್ಲಿ ಕಲಿಯುವ ಎರಡು ಪಾಠ

ಜೀವಶಾಸ್ತ್ರದ ಪುಸ್ತಕದಲ್ಲಿ ಪರಿಸರದ ಭಾಗ ಬಂತೆಂದರೆ ಎರಡು ಚಿತ್ರ ಖಾಯಂ. ಒಂದು, ಜೀವಿಗಳ ಸಂಖ್ಯೆ ಏರಿ ನಿಲ್ಲುವುದನ್ನು ತೋರಿಸುವ, ಎಸ್ ಅಕ್ಷರವನ್ನು ಹಿಡಿದೆಳೆದಂತಿರುವ ಗೆರೆ. ಇನ್ನೊಂದು ಅನುಕ್ರಮಣದ್ದು, ಅಂದರೆ ಒಂದು ಜಾಗದ ಗಿಡಗಳು ಕಾಲ ಕಳೆದಂತೆ ಬದಲಾಗುವುದರದ್ದು: ಎಡಗಡೆ ಬೋಳು ಬಂಡೆ, ಅಲ್ಲಿಂದ ಕಲ್ಲುಹೂವು, ಹಾವಸೆ, ಹುಲ್ಲು, ಪೊದೆ, ಬಲಗಡೆ ಕೊನೆಗೆ ದಟ್ಟ ಕಾಡು, ನಡುನಡುವೆ ಬಾಣದ ಗುರುತು. ನಮ್ಮ ಮಕ್ಕಳು ಎರಡನ್ನೂ ಅಚ್ಚುಕಟ್ಟಾಗಿ ಬರೆಯುತ್ತಾರೆ, ಬಣ್ಣವನ್ನೂ ತುಂಬುತ್ತಾರೆ. "ಈ ಗೆರೆ ಇಲ್ಲೇ ಯಾಕಪ್ಪಾ ಚಪ್ಪಟೆ ಆಯ್ತು?" ಅಂತ ಕೇಳಿ ನೋಡಿ. "ಧಾರಣಾ ಸಾಮರ್ಥ್ಯ ಸಾರ್" ಅಂತ ತಟ್ಟನೆ ಬರುತ್ತದೆ. "ಹಂಗಂದ್ರೇನು?" ಅಂದಿರೋ, ಬೆಂಚಿನ ಈ ತುದಿಯಿಂದ ಆ ತುದಿವರೆಗೆ ಯಾರೂ ಉಸಿರೆತ್ತುವುದಿಲ್ಲ.

ಕೋಲಾರದ ಕಡೆ ಈ ಪಾಠ ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ವಿಷಯ ಒಂದೇ: ಎರಡು ಪಾಠಕ್ಕೂ ಪ್ರಶ್ನೆ ಒಂದು. ತಡೆ ಯಾವುದು? ಹೆಚ್ಚುತ್ತಿದ್ದ ಸಂಖ್ಯೆ ನಿಂತಿದ್ದು ಯಾವುದರಿಂದ, ಹುಲ್ಲಿನಿಂದ ಪೊದೆಗೆ ಹೋಗಬೇಕಿದ್ದ ಜಾಗ ಹುಲ್ಲಿನಲ್ಲೇ ಉಳಿದಿದ್ದು ಯಾವುದರಿಂದ? ಅದನ್ನು ಹುಡುಕಲು ಪ್ರಯೋಗಾಲಯ ಬೇಡ. ಎರಡು ಟೊಮೆಟೊ ಕ್ರೇಟು, ಒಂದು ಹಿಡಿ ಅಜೋಲ್ಲ, ನಾಲ್ಕು ಗೂಟ, ಒಂದಷ್ಟು ಹಗ್ಗ, ಅರ್ಧ ಪಾವು ಅವರೆಕಾಳು, ಒಂದು ನೋಟ್‌ಬುಕ್ಕು. ಮನೆಯಲ್ಲಿ ಮೂರು ವಾರ, ಹೊರಗೆ ಎರಡು ಭಾನುವಾರ. ಹತ್ತನೇ ತರಗತಿಯವರೂ ಮಾಡಬಹುದು, ಪಿಯುಸಿಯವರೂ ಮಾಡಬಹುದು. ಮೇಷ್ಟ್ರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಕ್ರೇಟಿನಲ್ಲಿ ಅಜೋಲ್ಲ

ಡೈರಿಗೆ ಹಾಲು ಹಾಕುವವರ ಹಿತ್ತಲಲ್ಲಿ ಹುಡುಕಿದರೆ ಅಜೋಲ್ಲ ಗುಂಡಿ ಒಂದಾದರೂ ಸಿಗುತ್ತದೆ. ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಅದು, ಹಸುವಿಗೆ ಮೇವು. ಒಂದು ಹಿಡಿ ಕೇಳಿ ತನ್ನಿ, ಯಾರೂ ಇಲ್ಲ ಅನ್ನುವುದಿಲ್ಲ. ಹತ್ತಿರದಲ್ಲಿ ಎಲ್ಲೂ ಸಿಗದಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಟೊಮೆಟೊ ಕ್ರೇಟಿನ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ತಳಕ್ಕೆ ಎರಡು ಬೆರಳಷ್ಟು ಜರಡಿ ಹಿಡಿದ ಮಣ್ಣು, ಅದರ ಮೇಲೆ ಒಂದು ಮಗ್ ಸಗಣಿ ಬಗ್ಗಡ, ಎರಡು ಚಿಟಿಕೆ ಸೂಪರ್ ಫಾಸ್ಫೇಟ್, ನಾಲ್ಕೈದು ಇಂಚು ನೀರು. ಒಂದು ದಿನ ಕೆದಕದೆ ಬಿಡಿ, ಮಣ್ಣು ಕೂರಲಿ. ಅರೆ ನೆರಳಿರಬೇಕು. ಹೊಂಗೆ ಮರದ ಬುಡ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ದಿನಾ ಎಲೆ ಆರಿಸುವ ಕೆಲಸ ಅಂಟಿಕೊಳ್ಳುತ್ತದೆ. ಮನೆಯ ಪೂರ್ವದ ಗೋಡೆ ಪಕ್ಕ ಇಟ್ಟರೆ ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನದ್ದು ತಪ್ಪುತ್ತದೆ.

ಕ್ರೇಟನ್ನೇ ಹೇಳಲು ಕಾರಣವಿದೆ. ಅದರ ಪಕ್ಕದ ಕಂಡಿಗಳಲ್ಲಿ ನೂಲು ಕಟ್ಟುವುದು ಸುಲಭ. ಉದ್ದಕ್ಕೆ ಒಂಬತ್ತು, ಅಡ್ಡಕ್ಕೆ ಒಂಬತ್ತು ನೂಲು ಎಳೆದರೆ ನೂರು ಮನೆ. ಮೊದಲ ದಿನ ಐದು ಮನೆ ತುಂಬುವಷ್ಟು ಅಜೋಲ್ಲ ಬಿಡಿ. ಅಲ್ಲಿಂದ ದಿನಾ ಒಂದೇ ಹೊತ್ತಿಗೆ ಮೇಲಿನಿಂದ ನೋಡಿ ಎಣಿಸಿ: ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಮನೆ ಲೆಕ್ಕಕ್ಕೆ, ಉಳಿದದ್ದು ಬಿಡಿ. ತಾರೀಕು, ಮನೆಗಳ ಸಂಖ್ಯೆ, ಮೋಡವೋ ಬಿಸಿಲೋ ಬರೆದಿಡಿ. ನೀರು ಆವಿಯಾದಷ್ಟನ್ನು ಗುರುತಿನವರೆಗೆ ತುಂಬಿಸಿ. ಎಣಿಸುವವರು ಒಬ್ಬರೇ ಆಗಿರಲಿ. ಅಣ್ಣ ಒಂದು ದಿನ, ತಂಗಿ ಒಂದು ದಿನ ಎಣಿಸಿದರೆ ಗ್ರಾಫು ಹಾವಿನಂತೆ ಹೊರಳುತ್ತದೆ.

ಮೊದಲ ಎರಡು ಮೂರು ದಿನ ಏನೂ ಆಗದಂತೆ ಕಾಣುತ್ತದೆ. ಹೊಸ ನೀರಿಗೆ ಗಿಡ ಒಗ್ಗಿಕೊಳ್ಳುವ ಹೊತ್ತು ಅದು. ಅರ್ಧಕ್ಕರ್ಧ ಮಕ್ಕಳು ಇಲ್ಲೇ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆಮೇಲೆ ಓಟ ಶುರು. ಅನುಕೂಲ ಕೂಡಿಬಂದರೆ ಕೆಲವೇ ದಿನಕ್ಕೆ ಇದ್ದದ್ದು ಎರಡರಷ್ಟಾಗುತ್ತದೆ. ಅರ್ಧ ಕ್ರೇಟು ದಾಟಿದ ಮೇಲೆ ವೇಗ ತಗ್ಗಿ, ಕೊನೆಗೆ ನಿಲ್ಲುತ್ತದೆ. ಈಗ ತಾರೀಕು ಅಡ್ಡಕ್ಕೆ, ಮನೆ ಉದ್ದಕ್ಕೆ ಇಟ್ಟು ಗೆರೆ ಎಳೆಯಿರಿ. ಪುಸ್ತಕದ ಎಸ್ ನಿಮ್ಮ ಕೈಯಿಂದಲೇ ಬಂದಿರುತ್ತದೆ, ಸ್ವಲ್ಪ ಸೊಟ್ಟಗೆ. ಸೊಟ್ಟಗಿದ್ದರೆ ತಿದ್ದಬೇಡಿ. ಮೋಡ ಮುಚ್ಚಿದ ದಿನ ಎಲ್ಲಿ ಬಗ್ಗಿದೆ ನೋಡಿ.

ಒಂದು ಎಚ್ಚರಿಕೆ. ನೂರು ಮನೆ ತುಂಬಿದ ಮೇಲೆ ಅಜೋಲ್ಲ ಒಂದರ ಮೇಲೊಂದು ಪದರ ಕಟ್ಟುತ್ತದೆ. ಆಗ ಮನೆಗಳ ಲೆಕ್ಕ ಸುಳ್ಳು ಹೇಳುತ್ತದೆ. ಸೋರುಬುಟ್ಟಿಯಲ್ಲಿ ಬಸಿದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು.

ಆವರಣದೊಳಗಿನ ಲೆಕ್ಕ

ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಕೊಟ್ಟ ಸೂತ್ರವನ್ನು ಪಿಯುಸಿ ಮಕ್ಕಳು ಮಂತ್ರದಂತೆ ಒಪ್ಪಿಸುತ್ತಾರೆ. ಹೆಚ್ಚಳ = ಆರ್ × ಎನ್ × (ಕೆ − ಎನ್) ÷ ಕೆ. ಎನ್ ಅಂದರೆ ಈಗಿರುವ ಸಂಖ್ಯೆ, ಕೆ ಅಂದರೆ ಜಾಗ ಹೊರಬಲ್ಲ ಸಂಖ್ಯೆ (ಮಕ್ಕಳು ಹೇಳುವ ಧಾರಣಾ ಸಾಮರ್ಥ್ಯ ಇದೇ), ಆರ್ ಅಂದರೆ ಅಡ್ಡಿ ಇಲ್ಲದಿದ್ದರೆ ಬೆಳೆಯುವ ದರ. ನಮ್ಮ ಕ್ರೇಟಿನ ಕೆ ನೂರು ಮನೆ ಅನ್ನಿ, ಲೆಕ್ಕಕ್ಕೆಂದು ದಿನದ ಆರ್ 0.4 ಇಟ್ಟುಕೊಳ್ಳಿ.

5 ಮನೆ ಇದ್ದಾಗ ದಿನದ ಹೆಚ್ಚಳ 1.9. 20 ಇದ್ದಾಗ 6.4. 50 ಇದ್ದಾಗ 10. 80ಕ್ಕೆ ಬಂದಾಗ ಮತ್ತೆ 6.4. 95ರಲ್ಲಿ ಮತ್ತೆ 1.9.

ಈ ಐದು ಅಂಕಿ ಕಪ್ಪುಹಲಗೆಯ ಮೇಲೆ ಬರೆದು ಐದು ನಿಮಿಷ ಸುಮ್ಮನೆ ನಿಂತುಬಿಡಿ ಅಂತ ನಾನು ಹೊಸ ಮೇಷ್ಟ್ರುಗಳಿಗೆ ಹೇಳುತ್ತೇನೆ. 5 ಮನೆ ಇದ್ದಾಗಲೂ ಹೆಚ್ಚಳ ಕಡಿಮೆ, 95 ಇದ್ದಾಗಲೂ ಅಷ್ಟೇ ಕಡಿಮೆ. ಮೊದಲನೆಯದರಲ್ಲಿ ಹೆರುವವರಿಲ್ಲ, ಎರಡನೆಯದರಲ್ಲಿ ಜಾಗವಿಲ್ಲ. ಎರಡೂ ಸೇರಿ ಅನುಕೂಲವಾಗುವುದು ನಡುವೆ, ಎನ್ ಕೆಯ ಅರ್ಧಕ್ಕೆ ಬಂದಲ್ಲಿ. ಸೂತ್ರದಲ್ಲಿ ಆವರಣವಿರುವ ಆ (ಕೆ − ಎನ್) ÷ ಕೆ ತುಂಡನ್ನೇ ತೆಗೆದುಹಾಕಿದರೆ ತಡೆಯಿಲ್ಲದ ಬೆಳವಣಿಗೆ, ಜೆ ಅಕ್ಷರದ ಗೆರೆ. ಅದಕ್ಕೆ ಬೇರೆ ಪಾಠ ಬೇಕಿಲ್ಲ.

ಎರಡನೇ ಕ್ರೇಟಿನ ಕೆಲಸ ಈಗ. ಅದರಲ್ಲೂ ಹೀಗೆಯೇ ಬೆಳೆಸಿ, ಆದರೆ 50 ಮನೆ ದಾಟಿದಾಗೆಲ್ಲ ಹೆಚ್ಚಾದದ್ದನ್ನು ತೆಗೆದು ತೂಗಿ, ಹಸುವಿಗೆ ಹಾಕಿ. ಮೂರು ವಾರ ಕಳೆದ ಮೇಲೆ ತೆಗೆದದ್ದರ ಒಟ್ಟು ತೂಕವನ್ನು, ಮುಟ್ಟದೆ ಬಿಟ್ಟ ಮೊದಲ ಕ್ರೇಟಿನ ತೂಕದ ಪಕ್ಕ ಇಡಿ. ಗುಂಡಿ ಇಟ್ಟುಕೊಂಡ ರೈತರಿಗೆ ಇದು ಹೊಸತೇನಲ್ಲ. "ತುಂಬೈತೆ ಅಂತ ನೋಡ್ಕೊಂಡು ಕೂತ್ರೆ ಕೊಳೀತದೆ ಸಾರ್, ದಿನಾ ಕೈಯಾಡಿಸ್ತಿರಬೇಕು" ಅಂತ ನನಗೆ ಹೇಳಿದ ಹೆಣ್ಣುಮಗಳು ಓದಿದ್ದು ಏಳನೇ ಕ್ಲಾಸು. ಮೀನುಗಾರಿಕೆಯವರು ದೊಡ್ಡ ದೊಡ್ಡ ಸಮೀಕರಣ ಇಟ್ಟು ಲೆಕ್ಕ ಹಾಕುವುದೂ ಇದನ್ನೇ.

ನಮ್ಮ ತರಗತಿಯಲ್ಲಿ ಒಂದು ವರ್ಷ ಆದ ಅನಾಹುತವನ್ನೂ ಹೇಳಿಬಿಡುತ್ತೇನೆ. ಗುರುವಾರ ಬೆಳಗ್ಗೆ ಬಂದು ನೋಡಿದರೆ ಒಂದು ಕ್ರೇಟಿನ ನೀರು ಗಿಳಿ ಹಸಿರು, ಅಜೋಲ್ಲ ಕಂದು ತಿರುಗಿ ಮುದ್ದೆಯಾಗಿದೆ, ಮೂಗು ಬಿಡುವಂತಿಲ್ಲ. ಯಾರು ಏನು ಮಾಡಿದಿರಿ ಅಂದರೆ ಯಾರೂ ಮಾತಾಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹುಡುಗ ಮೆಲ್ಲಗೆ ಬಂದ. "ಕೆ ಜಾಸ್ತಿ ಮಾಡೋಣ ಅಂತ ಯೂರಿಯಾ ಒಂದು ಹಿಡಿ ಹಾಕ್ಬುಟ್ಟೆ ಸಾರ್." ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ತಡೆ ಯಾವುದೆಂದು ಊಹಿಸಿ ಅದನ್ನು ತೆಗೆಯಲು ಹೊರಟಿದ್ದ, ವಿಜ್ಞಾನ ಅದೇ ತಾನೆ. ಊಹೆ ಮಾತ್ರ ತಪ್ಪಿತ್ತು. ಅಜೋಲ್ಲದ ಎಲೆಯೊಳಗೆ ಅನಾಬೀನ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ಹಾಗಾಗಿ ಅದಕ್ಕೆ ಯೂರಿಯಾದ ಹಂಗಿಲ್ಲ. ಅಷ್ಟು ದಿನ ಸಾರಜನಕ ಸಾಲದೆ ತೆಪ್ಪಗಿದ್ದದ್ದು ಪಾಚಿ. ಹುಡುಗ ಕೆ ಹೆಚ್ಚಿಸಿದ್ದು ನಿಜ, ಪಾಚಿಯ ಕೆ. ಆ ವಾರ ನಾನು ಮಾಡಬೇಕೆಂದಿದ್ದ ಪೈಪೋಟಿಯ ಪಾಠ ಅಲ್ಲೇ ಮುಗಿಯಿತು. ಬಯಲುಸೀಮೆಯ ಕೆರೆಗಳಿಗೆ ಗೊಬ್ಬರದ ಅಂಶ ಹೆಚ್ಚಿರುವ ನೀರು ಹರಿದಾಗ ಪಾಚಿ, ಜಲಕಳೆ ಉಕ್ಕುವುದು ಯಾಕೆ ಅಂತ ಆಮೇಲೆ ಯಾರೂ ಕೇಳಲಿಲ್ಲ.

ರೇಷ್ಮೆ ಹುಳು, ಆಲಿಕಲ್ಲು, ಒಂದು ದೂರದ ದ್ವೀಪ

ಸಂಖ್ಯೆಯನ್ನು ಹಿಡಿದು ನಿಲ್ಲಿಸುವ ಕಾರಣಗಳಲ್ಲಿ ಎರಡು ಜಾತಿ. ಗುಂಪು ದಟ್ಟವಾದಷ್ಟೂ ಬಿಗಿಯಾಗುವುದು ಒಂದು, ಗುಂಪು ದಟ್ಟವೋ ತೆಳುವೋ ಕೇಳದೆ ಬಂದೆರಗುವುದು ಇನ್ನೊಂದು. ಪುಸ್ತಕ ಸಾಂದ್ರತಾ ಅವಲಂಬಿ, ಸಾಂದ್ರತಾ ನಿರವಲಂಬಿ ಎಂದು ಹೆಸರಿಟ್ಟು ಮಕ್ಕಳನ್ನು ಹೆದರಿಸುತ್ತದೆ.

ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಮೊದಲನೆಯದನ್ನು ಹೇಳಿಕೊಡಬೇಕಿಲ್ಲ. ಒಂದು ಚಿಟ್ಟೆ ಇಟ್ಟ ತತ್ತಿಗಳು ಸುಮಾರು 400ರಿಂದ 500. ರೇಷ್ಮೆಯವರ ಮಾತಿನಲ್ಲಿ ಒಂದು ಚಿಟ್ಟೆಯ ಅಷ್ಟೂ ತತ್ತಿ ಸೇರಿ ಒಂದು 'ಮೊಟ್ಟೆ', ಹಾಗಾಗಿ ನೂರು ಮೊಟ್ಟೆ ಚಾಕಿ (ಎಳೆ ಹುಳು) ತಂದರೆ ಮನೆಗೆ ಬಂದದ್ದು ನಲವತ್ತು ಐವತ್ತು ಸಾವಿರ ಹುಳು. ಪ್ರತಿ ಜ್ವರ (ಪೊರೆ ಬಿಡುವ ಹೊತ್ತು) ಎದ್ದಾಗಲೂ ಹುಳು ದಪ್ಪವಾಗುತ್ತದೆ, ತಟ್ಟೆ ದಪ್ಪವಾಗುವುದಿಲ್ಲ. ಜಾಗ ಬಿಡಿಸದೆ ಹಾಗೇ ಬಿಟ್ಟರೆ ಸೊಪ್ಪು ಸಾಲುವುದಿಲ್ಲ, ಹಿಕ್ಕೆ ಒದ್ದೆಯಾಗುತ್ತದೆ, ಒಂದಕ್ಕೆ ಬಂದ ಹಾಲುತೊಂಡೆ ರೋಗ ಪಕ್ಕದ ನೂರಕ್ಕೆ ಹತ್ತುತ್ತದೆ. ಅದೇ ಮನೆ, ಅದೇ ಸೊಪ್ಪು, ಅರ್ಧ ಹುಳು ಇದ್ದಿದ್ದರೆ ರೋಗ ಅಷ್ಟು ಓಡುತ್ತಿರಲಿಲ್ಲ. ಎರಡನೆಯದಕ್ಕೆ ಶ್ರೀನಿವಾಸಪುರದ ಮಾವಿನ ತೋಪು ಸಾಕು. ಆಲಿಕಲ್ಲು ಮಳೆ ಕಾಯಿ ಎಷ್ಟು ಕಚ್ಚಿದೆ ಅಂತ ಎಣಿಸಿ ಬೀಳುವುದಿಲ್ಲ.

ಎರಡೂ ಸೇರಿಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ನಾನು ಊರು ಬಿಟ್ಟು ದೂರ ಹೋಗುತ್ತೇನೆ. ಅಲಾಸ್ಕಾ ಬಳಿ ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಎಂಬ ದ್ವೀಪ. 1944ರಲ್ಲಿ ಅಲ್ಲಿ 29 ಹಿಮಸಾರಂಗ ತಂದುಬಿಟ್ಟರು. ತಿನ್ನುವ ತೋಳ ಇಲ್ಲ, ನೆಲದ ತುಂಬ ಕಲ್ಲುಹೂವಿನ ಜಾತಿಯ ಮೇವು. 1957ಕ್ಕೆ 1350 ಆದವು, 1963ಕ್ಕೆ ಸುಮಾರು 6000. ಆ ಚಳಿಗಾಲ ಹಿಮ ವಿಪರೀತ ಬಿತ್ತು. 1966ರಲ್ಲಿ ಹೋಗಿ ಎಣಿಸಿದರೆ ಉಳಿದದ್ದು 42. ಹಿಮ ಎಲ್ಲ ವರ್ಷವೂ ಬೀಳುತ್ತದೆ. ಈ ಸಲ ಅವುಗಳ ಹೊಟ್ಟೆಗೆ ಮೊದಲೇ ಇರಲಿಲ್ಲ. ಮೇದು ಬರಿದಾಗಿಸಿದ ಆ ಮೇವು ಮತ್ತೆ ಚಿಗುರಲು ದಶಕಗಳೇ ಬೇಕು, ಅಷ್ಟು ನಿಧಾನದ್ದು. ಹಾಗಾಗಿ ಕೆ ಅನ್ನುವುದು ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ. ಇರುವವರೇ ತಿಂದು ಅದನ್ನು ಇಳಿಸಬಹುದು. ಪುಸ್ತಕದ ನೆಟ್ಟಗಿನ ಚುಕ್ಕೆಗೆರೆ ಈ ಮಾತನ್ನು ಮುಚ್ಚಿಡುತ್ತದೆ ಅನ್ನುವುದು ನನ್ನ ತಕರಾರು.

ಎಣಿಸಲು ಕಲಿಯುವುದು

ಓಡಾಡುವ ಪ್ರಾಣಿಯನ್ನು ಎಣಿಸುವುದು ಹೇಗೆ? ಅವರೆಕಾಳು ತನ್ನಿ, ಕಾಲ ಮುಗಿದಿದ್ದರೆ ಹುರುಳಿ. ಒಂದು ಚೆಂಬಿಗೆ ಎಣಿಸದೆ ಸುರಿಯಿರಿ. 40 ಕಾಳು ತೆಗೆದು ಮಾರ್ಕರಿನಿಂದ ಚುಕ್ಕೆ ಇಟ್ಟು ಮತ್ತೆ ಹಾಕಿ, ಚೆನ್ನಾಗಿ ಕಲಕಿ. ಕಣ್ಣುಮುಚ್ಚಿ 50 ತೆಗೆಯಿರಿ. ಅದರಲ್ಲಿ 8ಕ್ಕೆ ಚುಕ್ಕೆ ಇದ್ದರೆ 40ನ್ನು 50ರಿಂದ ಗುಣಿಸಿ 8ರಿಂದ ಭಾಗಿಸಿ: 250. ಆಮೇಲೆ ನಿಜವಾಗಿ ಎಣಿಸಿ ನೋಡಿ. ಕಲಕದೆ ತೆಗೆದರೆ ಉತ್ತರ ಎಷ್ಟು ಕೆಡುತ್ತದೆ, ಚುಕ್ಕೆ ಅಳಿಸಿದರೆ ಏನಾಗುತ್ತದೆ, ಯಾರೋ ನಡುವೆ ಹಿದುಕಿ ತಿಂದರೆ ಏನಾಗುತ್ತದೆ, ಮಾಡಿಯೇ ನೋಡಬೇಕು. ವಲಸೆ, ಸಾವು ಲೆಕ್ಕವನ್ನು ಹೇಗೆ ಏಮಾರಿಸುತ್ತವೆ ಅನ್ನುವುದು ಆಗ ತಾನಾಗಿ ಹೊಳೆಯುತ್ತದೆ.

ಗಿಡಗಳಿಗೆ ಚೌಕ. ಒಂದು ಮೀಟರ್ ಉದ್ದಗಲಕ್ಕೆ ನಾಲ್ಕು ಗೂಟ ಹೊಡೆದು ಹಗ್ಗ ಸುತ್ತಿ, ಒಳಗಿನದನ್ನು ಎಣಿಸಿ. ಕಲ್ಲು ಹಿಂದಕ್ಕೆ ಎಸೆದು ಬಿದ್ದಲ್ಲಿ ಚೌಕ ಹಾಕಿದರೆ ಕಣ್ಣಿಗೆ ಕಂಡ ದಟ್ಟ ಜಾಗವನ್ನೇ ಆರಿಸುವ ಚಪಲ ತಪ್ಪುತ್ತದೆ. ಹತ್ತು ಚೌಕ ಹಾಕಿ ಒಟ್ಟನ್ನು ಹತ್ತರಿಂದ ಭಾಗಿಸಿ. ಗರಿಕೆಯಂಥದ್ದನ್ನು ಬುಡ ಹಿಡಿದು ಎಣಿಸಲಾಗದು, ನೂರಕ್ಕೆ ಎಷ್ಟು ಪಾಲು ನೆಲ ಮುಚ್ಚಿದೆ ಅಂತ ಬರೆಯಿರಿ.

ಶುರುವಿಗೆ ಕಾಂಗ್ರೆಸ್ ಗಿಡ ಒಳ್ಳೆಯದು, ಎಲ್ಲೆಲ್ಲೂ ಇದೆ. ಕೈಯಲ್ಲಿ ಮುಟ್ಟಬೇಡಿ, ಹಲವರಿಗೆ ಮೈ ತುರಿಕೆ ಏಳುತ್ತದೆ, ಉಬ್ಬಸ ಇರುವವರು ದೂರವೇ ಇರಿ. ಮಳೆಗಾಲದಲ್ಲಿ ಹೋದರೆ ಎಲೆಯನ್ನು ಜರಡಿ ಮಾಡಿಟ್ಟಿರುವ ಪುಟ್ಟ ದುಂಬಿಗಳು ಕಾಣಬಹುದು: ಕೆನೆ ಬಣ್ಣದ ಬೆನ್ನು, ಮೇಲೆ ಕಂದು ಪಟ್ಟೆ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ. ದುಂಬಿ ಇರುವ ಚೌಕ, ಇಲ್ಲದ ಚೌಕ ಎರಡನ್ನೂ ಎಣಿಸಿ. ಬೇಸಿಗೆಯಲ್ಲಿ ದುಂಬಿ ಮಣ್ಣು ಸೇರಿರುತ್ತದೆ, ಹುಡುಕಬೇಡಿ.

ಎರಡನೇ ಭಾನುವಾರ: ಬಂಡೆ, ಬೀಳು, ಕೆರೆ

ಅನುಕ್ರಮಣ ಎಂಬ ಪದಕ್ಕೆ ಹೆದರಬೇಕಿಲ್ಲ. ಒಂದು ಜಾಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಒಕ್ಕಲು ಬರುವುದು, ಅಷ್ಟೇ. ಪ್ರಾಥಮಿಕವೋ ದ್ವಿತೀಯಕವೋ ತಿಳಿಯಲು ಕೇಳಬೇಕಾದದ್ದು ಒಂದೇ: ಶುರುವಿಗೆ ಅಲ್ಲಿ ಮಣ್ಣಿತ್ತೋ? ಇಲ್ಲದಿದ್ದರೆ ಪ್ರಾಥಮಿಕ.

ಬಂಡೆಗೆ ನಮ್ಮಲ್ಲಿ ಬರವಿಲ್ಲ. ಅಂತರಗಂಗೆ ಬೆಟ್ಟ ಹತ್ತುವಾಗ ಮೆಟ್ಟಿಲ ಪಕ್ಕದ ಬಂಡೆಗಳನ್ನೇ ನೋಡಿ. ಬೂದು, ಕಿತ್ತಳೆ ಬಣ್ಣದ ದುಂಡು ಕಲೆಗಳು ಬಣ್ಣ ಎರಚಿದಂತೆ ಕಾಣುತ್ತವಲ್ಲ, ಅವು ಕಲ್ಲುಹೂವಿನ ಬಳಗ, ಅಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಮಸಾಲೆ ಡಬ್ಬಿಯಲ್ಲಿರುವುದು ಇದೇ ಬಳಗದ ಎಲೆಯಂಥ ಜಾತಿ. ಒಂದು ಕಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮುಂದಿನ ವರ್ಷ ಅದೇ ಕಲೆ, ಅದೇ ನಾಣ್ಯ. ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆದಿದ್ದರೆ ಅದೇ ಹೆಚ್ಚು.

ಅಲ್ಲಿಂದ ಬಂಡೆಯ ಗುಳಿಗಳಿಗೆ ಬನ್ನಿ. ಬೆರಳಾಳ ಮಣ್ಣು ಕೂತಲ್ಲಿ ಹಾವಸೆ, ಗೇಣಾಳದಲ್ಲಿ ಹುಲ್ಲು. ಪುಸ್ತಕ ಹೇಳಿದ ಹಾಗೇ ಇದೆ ಅಂತ ಖುಷಿಪಡುವಷ್ಟರಲ್ಲಿ ಬಂಡೆಯ ಬಿರುಕಿನಿಂದ ಒಂದು ಆಲದ ಸಸಿ ನೇರವಾಗಿ ಎದ್ದು ನಿಂತಿರುತ್ತದೆ. ಕಲ್ಲುಹೂವು ಮಣ್ಣು ಮಾಡಿಕೊಡಲಿ ಅಂತ ಅದು ಕಾಯಲಿಲ್ಲ. ಹಕ್ಕಿ ಹಿಕ್ಕೆ ಹಾಕಿತು, ಬಿರುಕಿನಲ್ಲಿ ತೇವ ಸಿಕ್ಕಿತು, ಆಯಿತು. ಇದು ನಮ್ಮ ಊರಿನ ತಿಕ್ಕಲಲ್ಲ. ಐಸ್‌ಲ್ಯಾಂಡ್ ಪಕ್ಕ 1963ರಲ್ಲಿ ಜ್ವಾಲಾಮುಖಿಯಿಂದ ಎದ್ದ ಸರ್ಟ್ಸಿ ದ್ವೀಪದಲ್ಲಿ ಮೊದಲ ಹೂಗಿಡ 1965ರಲ್ಲಿ ಕಂಡಿತು, ಹಾವಸೆ 1967ರಲ್ಲಿ, ಕಲ್ಲುಹೂವು 1970ರಲ್ಲಿ. ಬಾಣದ ಚಿತ್ರಕ್ಕೆ ಪೂರಾ ತಲೆಕೆಳಗು. ಬೋಳು ಬಂಡೆಗೆ ಆ ಚಿತ್ರ ತಕ್ಕಮಟ್ಟಿಗೆ ಸರಿ, ಎಲ್ಲ ನೆಲಕ್ಕೂ ಕಟ್ಟಳೆಯಲ್ಲ. 2001ಕ್ಕೇ ಗಣಿ ಮುಚ್ಚಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ರಸ್ತೆಯಿಂದಲೇ ನೋಡಿದರೂ ಸಾಕು, ಎಷ್ಟೋ ಭಾಗ ಈಗಲೂ ಬೋಳು. ಅಲ್ಲಿ ಮರಳಿನಂಥ ಪುಡಿ ಇದೆ, ಮಣ್ಣಿಲ್ಲ. ದಿಬ್ಬ ಹತ್ತಬೇಡಿ. ಬಿಟ್ಟುಹೋದ ಕಲ್ಲುಕ್ವಾರಿಗಳ ನೀರಿನ ಹತ್ತಿರವಂತೂ ಮಕ್ಕಳನ್ನು ಬಿಡಲೇಬೇಡಿ.

ಬೀಳು ಹೊಲಗಳು ನನಗೆ ಹೆಚ್ಚು ಇಷ್ಟ. ಬೇರೆ ಬೇರೆ ವರ್ಷ ಉಳುಮೆ ನಿಲ್ಲಿಸಿದ ಮೂರು ನಾಲ್ಕು ಹೊಲ ಆರಿಸಿದರೆ ಹತ್ತಿಪ್ಪತ್ತು ವರ್ಷದ ಕತೆ ಒಂದೇ ಬೆಳಗ್ಗೆ ಓದಬಹುದು. ಕಷ್ಟ ಇರುವುದು ಹೊಲದ ವಯಸ್ಸು ತಿಳಿಯುವುದರಲ್ಲಿ. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಮ್ಮೆ ಬದುವಿನ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜಿಯನ್ನು ನಮ್ಮ ಹುಡುಗಿಯೊಬ್ಬಳು ಕೇಳಿದಳು.

"ಅಜ್ಜೀ, ಈ ಹೊಲ ಉಳೋದು ಬಿಟ್ಟು ಎಷ್ಟು ವರ್ಷ ಆಯ್ತು?"

"ಬೋರು ಬತ್ತೋದ ವರ್ಷ ಬಿಟ್ಟಿದ್ದು ಕಣವ್ವ. ನನ್ ಮೊಮ್ಮಗ ಆಗ ಹೊಟ್ಟೇಲಿದ್ದ."

"ಮೊಮ್ಮಗ ಈಗ ಏನ್ ಓದ್ತಾನೆ?"

"ಎಂಟನೇ ಕ್ಲಾಸು."

ಹುಡುಗಿ ನೋಟ್‌ಬುಕ್ಕಿನಲ್ಲಿ ಹದಿಮೂರು ಹದಿನಾಲ್ಕು ವರ್ಷ ಅಂತ ಬರೆದುಕೊಂಡಳು. ಇದಕ್ಕಿಂತ ಒಳ್ಳೆಯ ವಿಧಾನ ನನಗೂ ಗೊತ್ತಿಲ್ಲ. ಮದುವೆ, ಹೆರಿಗೆ, ಬೋರು ಬತ್ತಿದ್ದು, ಮನೆ ಕಟ್ಟಿದ್ದು ಹಿಡಿದು ಕೇಳಿ.

ಪ್ರತಿ ಹೊಲದಲ್ಲೂ ಐದು ಚೌಕ ಸಾಕು. ಒಂದೆರಡು ವರ್ಷದ ಬೀಳಿನಲ್ಲಿ ಬೇಗ ಬೆಳೆದು ಬೇಗ ಬೀಜ ಉದುರಿಸುವವು: ಅಣ್ಣೆಸೊಪ್ಪು, ತುಂಬೆ, ಕಾಂಗ್ರೆಸ್. ಇನ್ನೂ ಹಳೆಯದರಲ್ಲಿ ಗರಿಕೆ, ಕರಡದಂಥ ಹುಲ್ಲು. ಆಮೇಲೆ ಎಕ್ಕ, ತಂಗಡಿ, ಬಂದರೆ ಗಿಡ, ಲಂಟಾನ. ಬೇವಿನ ಸಸಿ ಹುಡುಕುವುದಾದರೆ ನೇರವಾಗಿ ಕರೆಂಟು ಕಂಬದ ಬುಡಕ್ಕೆ ಹೋಗಿ. ಹಕ್ಕಿ ಎಲ್ಲಿ ಕೂರುತ್ತದೋ ಅಲ್ಲಿ ಕಾಡು ಶುರು. ಅಜ್ಜಿಯ ಕುರಿಗಳನ್ನೂ ಬರೆದುಕೊಳ್ಳಿ. ಕುರಿ ಬಾಯಿ ಹಾಕದ ಎಕ್ಕ, ತಂಗಡಿ ಅಲ್ಲಿ ಯಾಕೆ ಜಾಸ್ತಿ ಅನ್ನುವುದಕ್ಕೆ ಉತ್ತರ ಬದುವಿನ ಮೇಲೇ ಮೇಯುತ್ತಿರುತ್ತದೆ.

ಮೊದಲು ಬಂದವರು ನಂತರದವರಿಗೆ ಏನು ಮಾಡುತ್ತಾರೆ? ಕಾನೆಲ್ ಮತ್ತು ಸ್ಲೇಟಿಯರ್ ಎಂಬಿಬ್ಬರು 1977ರಲ್ಲಿ ಮೂರು ಬಗೆ ಹೇಳಿದರು: ನೆರವಾಗಬಹುದು, ಇದ್ದರೆ ಇರಲಿ ಅಂತ ಸುಮ್ಮನಿರಬಹುದು, ಅಡ್ಡ ಹಾಕಬಹುದು. ಮೂರನೆಯದಕ್ಕೆ ಲಂಟಾನದ ಪೊದೆ ಸರಿಸಿ ಕೆಳಗೆ ನೋಡಿ, ಬೇರೆ ಸಸಿ ಎಷ್ಟಿವೆ ಎಣಿಸಿ. ನೀಲಗಿರಿ ತೋಪಿನೊಳಗೂ ಒಂದು ಚೌಕ, ಹೊರಗೂ ಒಂದು ಹಾಕಿ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಲ್ಲಿಸಿದೆ, ಹಳೆಯ ತೋಪು ಮಾತ್ರ ಕಡಿದಷ್ಟೂ ಚಿಗುರುತ್ತದೆ.

ಕೆರೆಗೆ ಬೇಸಿಗೆ ಮುಂಚೆ ಹೋಗಿ, ನೀರು ಹಿಂದೆ ಸರಿದಿರುವಾಗ. ನೀರಂಚಿನಿಂದ ದಡದ ಕಡೆಗೆ ಹಗ್ಗ ಹಿಡಿದು, ಐದೈದು ಮೀಟರಿಗೆ ಒಂದು ಚೌಕ. ತೇಲುವ ಕಳೆ, ತಾವರೆ ನೈದಿಲೆ, ಜೊಂಡು, ಜೇಕು, ಗರಿಕೆ, ಕೊನೆಗೆ ಜಾಲಿ ಪೊದೆ, ಬಳೆ ಬಳೆಯಾಗಿ ಕಾಣಬಹುದು. ಅಂದ ಹಾಗೆ ತೇಲುವ ಒಂದು ಕಳೆಗೂ ನಮ್ಮಲ್ಲಿ ಅಂತರಗಂಗೆ ಅಂತಲೇ ಹೆಸರು. ಬೆಟ್ಟ ನೋಡಿ ಬಂದ ಮಕ್ಕಳು ನಗುತ್ತಾರೆ, ನಗಲಿ.

ಇಲ್ಲೊಂದು ತಪ್ಪು ಮೇಷ್ಟ್ರುಗಳೂ ಮಾಡುತ್ತಾರೆ. ಬಳೆಗಳು ಕಂಡವು, ಹಾಗಾದರೆ ಕೆರೆ ಕಾಡಾಗುತ್ತಿದೆ ಅನ್ನುವುದು. ವರ್ಷವರ್ಷ ನೀರು ಏರಿ ಇಳಿಯುವುದರಿಂದಲೂ ಅದೇ ಬಳೆಗಳು ಮೂಡುತ್ತವೆ, ನೂರು ವರ್ಷ ಇದ್ದಲ್ಲೇ ಇರುತ್ತವೆ. ನಿಜವಾಗಿ ಮುಂದೆ ಸಾಗುತ್ತಿದೆಯೋ ತಿಳಿಯಬೇಕಾದರೆ ಹೂಳು ಅಳೆಯಬೇಕು: ತೂಬಿನ ಕಲ್ಲುಕಂಬ ಎಷ್ಟು ಹೂತಿದೆ, ಕೆರೆ ಮೊದಲು ಎಷ್ಟು ಆಳವಿತ್ತು ಅಂತ ಹಿರಿಯರನ್ನು ಕೇಳಬೇಕು. ಹೂಳು ತುಂಬಿದ ಹಾಗೆ ಜೊಂಡು ಒಳಕ್ಕೆ ಬರುತ್ತದೆ. ಊರವರು ಹೂಳೆತ್ತಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆದಾಗಲೆಲ್ಲ ಕೆರೆ ಮತ್ತೆ ಎಳೆಯದಾಗುತ್ತಿತ್ತು. ಜಾಲಿಯನ್ನು ಕಂಡು ಮೋಸ ಹೋಗಬೇಡಿ, ಹಲವು ಕೆರೆಯಂಗಳಗಳಲ್ಲಿ ಅದನ್ನು ಬೇಕೆಂದೇ ನೆಟ್ಟದ್ದು.

ಕೊನೆಯ ಬಾಣ

ಅನುಕ್ರಮಣ ಕೊನೆಗೆ ಬಂದು ನಿಲ್ಲುವ ಹಂತಕ್ಕೆ ಪುಸ್ತಕದ ಹೆಸರು ಚರಮ ಸಮುದಾಯ. ಅದು ಅಂದರೆ ಕಾಡು ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಬರಬಹುದು, ಆದರೆ ನಮ್ಮ ಸೀಮೆಗೆ ಅದು ಅರ್ಧಸತ್ಯ. ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ 1916ರಲ್ಲಿ ಒಂದು ಹವಾಮಾನಕ್ಕೆ ಒಂದೇ ಕೊನೆ ಅಂದರು. ಅಲ್ಲಿಯವರೇ ಆದ ಇನ್ನೊಬ್ಬ ಸಸ್ಯವಿಜ್ಞಾನಿ ಗ್ಲೀಸನ್ 1926ರಲ್ಲಿ, ಹಾಗೇನಿಲ್ಲ, ಒಂದೊಂದು ಜಾತಿಯೂ ತನ್ನ ಪಾಡಿಗೆ ಬಂದು ನೆಲೆಸುತ್ತದೆ ಅಂದರು. ಪಕ್ಷ ಕಟ್ಟುವ ಮೊದಲು ಎರಡು ಜಾಗ ನೋಡಿ. ನಂದಿ ಬೆಟ್ಟದ ತುದಿ 1478 ಮೀಟರ್ ಎತ್ತರ. ಮಂಜು ತಾಕುವ ಅಲ್ಲಿ ಮರದ ಕಾಂಡಕ್ಕೂ ಹಾವಸೆ ಹತ್ತಿ ತೊಟ್ಟಿಕ್ಕುತ್ತಿರುತ್ತದೆ, ಕೆಳಗಿಳಿದರೆ ಬರೀ ಕುರುಚಲು. ಇನ್ನೊಂದು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆಯಾದ ಬಯಲು. ಕೃಷ್ಣಮೃಗ ಕಣ್ಣು ಹಾಯಿಸಿ ಓಡಿ ಬದುಕುವ ಪ್ರಾಣಿ, ಅದಕ್ಕೆ ಬಯಲೇ ಬೇಕು. ಆ ಹುಲ್ಲುಗಾವಲನ್ನು ಕಾಡಾಗಲಾರದೆ ನಿಂತ ನೆಲ ಅಂದುಕೊಂಡು ಯಾರಾದರೂ ಮರ ತುಂಬಿಸಿದರೆ, ಇಲ್ಲವೇ ಬಳ್ಳಾರಿ ಜಾಲಿ ತಾನಾಗಿ ನುಗ್ಗಿದರೆ, ಮೃಗದ ಕೆ ಇಳಿಯುತ್ತದೆ. ಎರಡು ಪಾಠ ಒಂದಕ್ಕೊಂದು ಅಂಟಿಕೊಳ್ಳುವುದು ಇಲ್ಲಿ. ಮೇಯುವ ಬಾಯಿ, ಬೆಂಕಿ, ತೆಳು ಮಣ್ಣು, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಇವು ತಡೆದು ನಿಲ್ಲಿಸಿದ್ದನ್ನು ನೂರಾರು ವರ್ಷದಿಂದ ಮನೆ ಮಾಡಿಕೊಂಡವರು ಇದ್ದಾರೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ಚೌಕದ ಪಕ್ಕ ಕೊನೆಯ ಕಲಂ ಒಂದು ಎಳೆದು "ತಡೆ" ಅಂತ ತಲೆಬರಹ ಕೊಡಿ. ಕುರಿ, ನೆರಳು, ಹೂಳು, ಯೂರಿಯಾ, ದುಂಬಿ, ಕೊಡಲಿ, ಏನು ಕಂಡಿತೋ ಅದು. ಏನೂ ಕಾಣದಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಪರೀಕ್ಷೆಯಲ್ಲಿ ಎಸ್ ಗೆರೆ ಬರೆಯುವಾಗ ಚುಕ್ಕೆಗೆರೆಗೆ ಕೆ ಅಂತ ಹೆಸರಿಡಿ, ಅಕ್ಷಗಳಿಗೆ ಕಾಲ ಮತ್ತು ಸಂಖ್ಯೆ ಅಂತ ಬರೆಯಿರಿ. ಅಂಕ ಹೋಗುವುದು ಇಲ್ಲೇ. ಉದಾಹರಣೆ ಕೇಳಿದರೆ ನಿಮ್ಮ ಕ್ರೇಟನ್ನೇ ಬರೆಯಿರಿ.

ಎಲ್ಲ ಮುಗಿದ ಮೇಲೆ ಅಜೋಲ್ಲವನ್ನು ಕೆರೆಗೋ ಚರಂಡಿಗೋ ಸುರಿಯಬೇಡಿ, ಅಲ್ಲಿ ಅದರ ಕೆ ಎಷ್ಟೋ ಯಾರು ಬಲ್ಲರು. ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಹಸುವಿಗೋ ಕೋಳಿಗೋ ಹಾಕಿ. ಸಗಣಿ ವಾಸನೆಗೆ ಹಸು ಮೊದಲ ದಿನ ಮೂಸಿ ಮುಖ ತಿರುಗಿಸುತ್ತದೆ. ಹಿಂಡಿ ಜೊತೆ ಕಲಸಿ ಕೊಡಿ, ತಿನ್ನುತ್ತದೆ.